ಚಿಂಕ್ವೆ ತೆರೆಯಲ್ಲಿ ಬಿಡಿ ಟಿಕೆಟ್ಟೋ, ದಿನದ ಕಾರ್ಡೋ?

ಕಾರ್ಡೇ. ಅವಸರದಲ್ಲಿರುವವರು ಇಷ್ಟು ಓದಿ ಹೊರಡಬಹುದು. ಉಳಿದವರಿಗೆ, ನಾನು ಈ ತೀರ್ಮಾನಕ್ಕೆ ಕತ್ತಲಲ್ಲಿ ಕೂತು ಹೇಗೆ ಬಂದೆ ಅನ್ನೋದನ್ನ ಹೇಳ್ತೀನಿ.

ಚಿಂಕ್ವೆ ತೆರೆ ಅಂದರೆ ಇಟಲಿಯ ಲಿಗೂರಿಯಾ ಕರಾವಳಿಯಲ್ಲಿ ಬಂಡೆಗೆ ಅಂಟಿಕೊಂಡ ಐದು ಊರು: ರಿಯೋಮಾಜೋರೆ, ಮನರೋಲಾ, ಕೊರ್ನಿಲ್ಯಾ, ವೆರ್ನಾತ್ಸಾ, ಮೊಂತೆರೊಸ್ಸೊ. ಒಂದರಿಂದ ಮುಂದಿನದಕ್ಕೆ ರೈಲಿನಲ್ಲಿ ಎರಡರಿಂದ ಐದು ನಿಮಿಷ, ಅಷ್ಟೆ. ಮುಂಬೈ ಪಕ್ಕದ ನಮ್ಮ ಡೊಂಬಿವಲಿಯಿಂದ ಮುಂದಿನ ಸ್ಟೇಷನ್ನು ಠಾಕುರ್ಲಿಗೆ ಹೋದ ಹಾಗೆ. ನಾವು ಪಕ್ಕದ ಪಟ್ಟಣ ಲಾ ಸ್ಪೆತ್ಸಿಯಾದಲ್ಲಿ ರೂಮು ಮಾಡಿ ಮೂರು ದಿನ ಇದ್ದೆವು, 2024ರಲ್ಲಿ. ನಮ್ಮ ಪುಣ್ಯಕ್ಕೆ ಕಡಿಮೆ ದರದ ದಿನಗಳು. ಬಿಡಿ ಟಿಕೆಟ್ಟು ಒಂದು ಸಲಕ್ಕೆ 5 ಯೂರೋ, ದಿನವಿಡೀ ಎಷ್ಟು ಸಲವಾದರೂ ಹತ್ತಿಳಿಯುವ ಕಾರ್ಡು 19.50. ಜನ ಕಿಕ್ಕಿರಿಯುವ ದಿನಗಳಲ್ಲಿ ಇದೇ ಕಾರ್ಡು ಆಗ 32.50ರವರೆಗೂ ಏರುತ್ತಿತ್ತು.

ಮೊದಲ ದಿನದ ಲೆಕ್ಕ ನಮ್ಮವರದು. "ಐದೂ ಊರು ಯಾಕೆ? ಮನರೋಲಾ ನೋಡೋಣ, ವೆರ್ನಾತ್ಸಾದಲ್ಲಿ ಊಟ, ವಾಪಸ್. ಮೂರು ಟಿಕೆಟ್, 15 ಯೂರೋ." ತಲೆಗೆ ನಾಲ್ಕೂವರೆ ಯೂರೋ ಉಳಿತಾಯ, ಇಬ್ಬರಿಗೆ ಎಂಟುನೂರು ರೂಪಾಯಿ. ಬ್ಯಾಂಕಿನಿಂದ ನಿವೃತ್ತರಾದ ಮನುಷ್ಯ, ತಪ್ಪು ಹುಡುಕೋದು ಹೇಗೆ?

ಮನರೋಲಾದಲ್ಲಿ ಎಲ್ಲ ಸರಿಹೋಯ್ತು. ಬಂದ ವಿಪತ್ತು ವೆರ್ನಾತ್ಸಾದ್ದು.

ಈ ಹಾದಿ ಬಹುಪಾಲು ಸುರಂಗ. ಸಮುದ್ರ ಆಗೊಮ್ಮೆ ಈಗೊಮ್ಮೆ ಕ್ಯಾಮೆರಾ ಫ್ಲ್ಯಾಷಿನ ಹಾಗೆ ಮಿಂಚಿ ಮಾಯ. ವೆರ್ನಾತ್ಸಾ ಸ್ಟೇಷನ್ನು ಎರಡು ಗುಡ್ಡಗಳ ನಡುವೆ ಇಕ್ಕಟ್ಟಾಗಿ ಕೂತಿದೆ, ರೈಲು ಅದಕ್ಕಿಂತ ಉದ್ದ. ಹಾಗಾಗಿ ಕೆಲವು ಬೋಗಿಗಳು ಸುರಂಗದೊಳಗೇ ನಿಲ್ಲುತ್ತವೆ. ನಾವು ಕೂತಿದ್ದು ಅಂಥದ್ದರಲ್ಲಿ. ರೈಲು ನಿಂತಿತು. ಕಿಟಕಿಯಾಚೆ ಕಪ್ಪು ಗೋಡೆ, ಒಂದು ಮಂಕು ದೀಪ. ಇಪ್ಪತ್ತಾರು ವರ್ಷ ಲೋಕಲ್‌ನಲ್ಲಿ ಓಡಾಡಿದವಳು ನಾನು. ಆಗೆಲ್ಲ ಫಾಸ್ಟ್ ಗಾಡಿ ದಾರಿಯ ಪಾರ್ಸಿಕ್ ಸುರಂಗದಲ್ಲಿ ನಿಂತರೆ ಸಿಗ್ನಲ್ ಸಿಕ್ಕಿಲ್ಲ ಎಂದರ್ಥ, ಇಳಿಯುವವರು ಯಾರೂ ಇರುತ್ತಿರಲಿಲ್ಲ. "ಸಿಗ್ನಲ್ಲು," ಅಂದೆ. ನಮ್ಮವರೂ ತಲೆಯಾಡಿಸಿದರು. ಬಾಗಿಲೂ ತೆರೆದುಕೊಳ್ಳಲಿಲ್ಲ. ಅದಕ್ಕೆ ಬಟನ್ ಒತ್ತಬೇಕು ಅನ್ನೋದು ಬಾಗಿಲೇ ಮುಚ್ಚದ ರೈಲಿನಿಂದ ಹೋದವರಿಗೆ ಹೇಗೆ ಹೊಳೆಯಬೇಕು?

ಗಾಡಿ ಹೊರಟಿತು. ಬೆಳಕಿಗೆ ಬಂದ ಒಂದು ಕ್ಷಣ ಪ್ಲಾಟ್‌ಫಾರ್ಮು, ಬೋರ್ಡು, ಅದರ ಮೇಲೆ ದೊಡ್ಡದಾಗಿ ವೆರ್ನಾತ್ಸಾ. ಮತ್ತೆ ಕತ್ತಲು.

ಮೊಂತೆರೊಸ್ಸೊ ಬರುವವರೆಗೆ ಟಿಸಿ ಬಂದರೆ ಏನು ಹೇಳೋದು ಅಂತ ಇಂಗ್ಲಿಷಿನಲ್ಲಿ ಮನಸ್ಸಲ್ಲೇ ವಾಕ್ಯ ಕಟ್ಟುತ್ತಿದ್ದೆ. ಟಿಸಿ ಬರಲಿಲ್ಲ. ಆದರೆ ಹಿಂದಕ್ಕೆ ಬರಲು ಹೊಸ ಟಿಕೆಟ್ಟು, ತಲೆಗೆ 5. ಕ್ಯೂನಲ್ಲಿ ನಿಂತು ತೊಗೊಂಡು, ಆ ಕಾಗದದ ಟಿಕೆಟ್ಟನ್ನು ಹತ್ತುವ ಮುಂಚೆ ಗೋಡೆಯ ಮೆಷಿನ್ನಿಗೆ ತುರುಕಿ ಮುದ್ರೆ ಒತ್ತಿಸಬೇಕು. ಮರೆತರೆ ದಂಡ. ತಲೆಗೆ ಒಟ್ಟು 20 ಯೂರೋ. ಕಾರ್ಡಿಗಿಂತ ಅರ್ಧ ಯೂರೋ ಜಾಸ್ತಿ! ಕಾರ್ಡಿದ್ದವರಿಗೆ ಪುಕ್ಕಟೆಯಾದ ಸ್ಟೇಷನ್ ಶೌಚಾಲಯಕ್ಕೂ ನಾವು ಚಿಲ್ಲರೆ ಹುಡುಕಿದ್ದು ಬೇರೆ. ನಾನು ಏನೂ ಅನ್ನಲಿಲ್ಲ. ಊಟ ಮುಗಿಯುವವರೆಗೆ ಅವರೂ ಮಾತಾಡಲಿಲ್ಲ.

ಎರಡನೇ ದಿನ ಕಾರ್ಡು ತೊಗೊಂಡಿದ್ದು ನಾನು. ಸೀಸನ್ ಪಾಸ್ ಕೈಯಲ್ಲಿದ್ದ ಹಾಗೆ ಇತ್ತು. ಯಾವ ಊರಿನಲ್ಲಿ ಜನ ಜಾಸ್ತಿ ಕಂಡರೋ ಅಲ್ಲಿಂದ ಮುಂದಿನ ಗಾಡಿ. ಮೊಂತೆರೊಸ್ಸೊದ ಮರಳಲ್ಲಿ ಮುಕ್ಕಾಲು ಗಂಟೆ ನಿದ್ದೆ. ಮನರೋಲಾವನ್ನು ಸಂಜೆಯ ಬಿಸಿಲಲ್ಲಿ ಇನ್ನೊಮ್ಮೆ ನೋಡಬೇಕು ಅನ್ನಿಸಿತು, ಹೋದೆವು. ಬಿಡಿ ಟಿಕೆಟ್ಟಾಗಿದ್ದರೆ ನಮ್ಮವರು ಖಂಡಿತ "ನಿನ್ನೆ ನೋಡಿದ್ದಲ್ಲವಾ" ಅಂದಿರುತ್ತಿದ್ದರು.

ಕೊರ್ನಿಲ್ಯಾ ಒಂದೇ ಊರು ಸಮುದ್ರದ ಮಟ್ಟದಲ್ಲಿಲ್ಲ, ಸುಮಾರು 100 ಮೀಟರ್ ಎತ್ತರದ ಬಂಡೆಯ ನೆತ್ತಿಯಲ್ಲಿದೆ. ಸ್ಟೇಷನ್ನಿನಿಂದ 380ರ ಆಸುಪಾಸು ಮೆಟ್ಟಿಲು. ನನ್ನ ಮೊಣಕಾಲು ಕೆಳಗಿನಿಂದಲೇ ಕೈಮುಗಿಯಿತು. ಮಿನಿಬಸ್ಸಿದೆ, ಕಾರ್ಡಿನಲ್ಲೇ ಸೇರಿದೆ.

ಗುಡ್ಡದ ಕಾಲುಹಾದಿಯೂ ಕಾರ್ಡಿನಲ್ಲಿದೆ, ನಾವು ನಡೆಯಲಿಲ್ಲ. ರಿಯೋಮಾಜೋರೆ–ಮನರೋಲಾ ನಡುವಿನ ಪ್ರೇಮಪಥ 2012ರಲ್ಲಿ ಬಂಡೆ ಬಿದ್ದು ಮುಚ್ಚಿತ್ತು, 2024ರಲ್ಲಿ ಮತ್ತೆ ತೆರೆಯಿತು. ಅದಕ್ಕೆ ಆಗ ಕಾರ್ಡಿನ ಮೇಲೆ ಇನ್ನೂ 10 ಯೂರೋ. ಮದುವೆಯಾಗಿ ಮೂವತ್ತು ವರ್ಷವಾದವರಿಗೆ ಎರಡು ನಿಮಿಷದ ರೈಲು ಸಾಕು.

ಸಸ್ಯಾಹಾರಿಗಳಿಗೆ: ಫರಿನಾತಾ ಕೇಳಿ. ಕಡಲೆಹಿಟ್ಟಿನ ದಪ್ಪ ದೋಸೆ, ಚಟ್ನಿ ಒಂದಿಲ್ಲ ಅಷ್ಟೆ.

ಮೂರನೇ ದಿನ ದೋಣಿ. ನ್ಯಾಯವಾಗಿ ಹೇಳಬೇಕೆಂದರೆ, ಐದು ಊರು ಬಂಡೆಗೆ ಹೇಗೆ ಜೋತುಬಿದ್ದಿವೆ, ದ್ರಾಕ್ಷಿತೋಟದ ಕಲ್ಲುಗೋಡೆಗಳು ಹೇಗೆ ಮೆಟ್ಟಿಲುಮೆಟ್ಟಿಲಾಗಿ ಏರಿವೆ ಅನ್ನೋದು ಕಾಣೋದು ನೀರಿನಿಂದಲೇ. ರೈಲಿನಿಂದಲ್ಲ. ಆದರೆ ಕಾರ್ಡಿಗಿಂತ ದುಬಾರಿ, ಕೊರ್ನಿಲ್ಯಾದಲ್ಲಿ ನಿಲ್ಲುವುದಿಲ್ಲ, ಅಲೆ ಎದ್ದರೆ ಹೊರಡುವುದೇ ಇಲ್ಲ. ನಮ್ಮವರಿಗೆ ದೋಣಿಯೇ ಇಷ್ಟ, ಅವರು ಬೇಕಾದರೆ ಬೇರೆ ಬರೆಯಲಿ. ಒಂದೇ ಊರು ನೋಡಿ ಬರುವವರು ಬಿಡಿ ಟಿಕೆಟ್ಟೇ ತೊಗೊಳ್ಳಿ. ದಿನಕ್ಕೆ ನಾಲ್ಕು ಸಲ ರೈಲು ಹತ್ತುವ ಅಂದಾಜಿದ್ದರೆ ಯೋಚನೆಯೇ ಬೇಡ, ಕಾರ್ಡೇ.

ಎರಡನೇ ದಿನ ವೆರ್ನಾತ್ಸಾದಲ್ಲಿ ನಮ್ಮ ಬೋಗಿ ಮತ್ತೆ ಸುರಂಗದಲ್ಲೇ ನಿಂತಿತು. ಎದುರಿಗೆ ಕೂತ ವಯಸ್ಸಾದ ದಂಪತಿ, ಮಡಿಲಲ್ಲಿ ವೆರ್ನಾತ್ಸಾದ ನಕ್ಷೆ, ನಿಶ್ಚಿಂತೆಯಿಂದ ಕಪ್ಪು ಗೋಡೆ ನೋಡುತ್ತಿದ್ದರು. ನಾನು ಎದ್ದು ಬಟನ್ ಒತ್ತಿ, ಅವರ ಕಡೆ ತಿರುಗಿ "ಉತರಾ, ಉತರಾ!" ಅಂತ ಕೂಗಿದೆ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಡೊಂಬಿವಲಿಯ ಮರಾಠಿ. ಇಬ್ಬರೂ ದಡಬಡಿಸಿ ಇಳಿದರು.