ಕದ್ದು ಕೇಳುತ್ತಿದ್ದ ಹಾಡುಗಳಿಗೊಂದು ಕ್ಯಾಸೆಟ್ ಪ್ಲೇಯರ್

ಹರೆಯದಲ್ಲಿ ಗೆಳೆಯರೆದುರು ಹೆಸರೆತ್ತಲೂ ನಾಚುತ್ತಿದ್ದ, ಒಬ್ಬನೇ ಇದ್ದಾಗ ಮಾತ್ರ ಮತ್ತೆ ಮತ್ತೆ ಕೇಳುತ್ತಿದ್ದ ಪ್ರೇಮಗೀತೆಗಳ ಹಳೆಯ ಕ್ಯಾಸೆಟ್‌ಗಳಿಗಾಗಿಯೇ ನಾನು ಈ ಹೊಸ ಪ್ಲೇಯರನ್ನು ಕೊಂಡೆ. ಫಿಲಿಪ್ಸ್ ಸಂಸ್ಥೆ 1963ರಲ್ಲಿ ಪರಿಚಯಿಸಿದ ಕ್ಯಾಸೆಟ್‌ನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡಬೇಕು. ಅದು ತುಸು ಏರುಪೇರಾದರೂ ಸ್ವರ ಅಲುಗುತ್ತದೆ. ಈ ಯಂತ್ರದಲ್ಲಿ ಪಿಟೀಲಿನ ದೀರ್ಘ ಸ್ವರಗಳು ನಡುಗದೆ ಕೇಳಿಸಿದವು ಎಂಬುದೇ ನನಗೆ ದೊಡ್ಡ ಸಮಾಧಾನ. ಸಡಿಲಗೊಂಡಿದ್ದ ಒಂದು ಟೇಪನ್ನು ಹಿಂದಿನಂತೆಯೇ ಪೆನ್ಸಿಲ್ ತೂರಿಸಿ ಬಿಗಿಯಾಗಿ ಸುತ್ತಿ ಹಾಕಿದಾಗ, ಎರಡನೆಯ ಹಾಡಿನ ಪಲ್ಲವಿಯ ಬಳಿ, ಪದೇ ಪದೇ ಹಿಂದಕ್ಕೆ ಸುತ್ತಿ ಕೇಳಿ ಸವೆದಿದ್ದ ಜಾಗದಲ್ಲಿ, ದನಿ ಮಸುಕಾಯಿತು. ಆ ಸವಕಲು ನನ್ನದೇ ಪ್ರೀತಿಯ ಗುರುತು. ರಿವೈಂಡ್ ಗುಂಡಿ ಮಾತ್ರ ತೀರ ಬಿಗಿ. ಹೆಡ್‌ಫೋನಿನ ಸೌಲಭ್ಯವೂ ಇದೆ, ಆದರೆ ಈಗ ನಾನು ಆ ಹಾಡುಗಳನ್ನು ಸ್ಪೀಕರಿನಲ್ಲಿಯೇ ಕೇಳುತ್ತೇನೆ.