ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ: ಆ ಒಂದು ಕಲ್ಲಿಗಾಗಿ ಹೋಗಿ

ವಿಕಾಸವಾದ ಅಂದರೆ ಸುಮ್ನೆ ಊಹೆ ಅನ್ನುವವರನ್ನು ಇಲ್ಲಿಗೆ ಕರೆದುಕೊಂಡು ಬನ್ನಿ. ಪ್ರವೇಶ ಉಚಿತ. ದೊಡ್ಡ ಹಾಲ್‌ನಲ್ಲಿ 25.2 ಮೀಟರ್ ಉದ್ದದ ನೀಲಿ ತಿಮಿಂಗಿಲದ ಅಸ್ಥಿಪಂಜರ ತೂಗುತ್ತಿದೆ, ಎಲ್ಲರೂ ಅದರ ಫೋಟೋ ತೆಗೆದು ಮುಂದೆ ಹೋಗುತ್ತಾರೆ, ನೀವು ಮಾತ್ರ ಸ್ವಲ್ಪ ನಿಂತು ಈಜುರೆಕ್ಕೆಯನ್ನು ನೋಡಿ: ನಮ್ಮ ಕೈಯಲ್ಲಿರುವಂಥದ್ದೇ ತೋಳಿನ ಮೂಳೆ, ಬೆರಳಿನ ಮೂಳೆ! ಮೀನಿಗೆ ಇದೆಲ್ಲ ಇರುವುದಿಲ್ಲ, ಅಲ್ವಾ? ತಿಮಿಂಗಿಲದ ಪೂರ್ವಜರು ನೆಲದ ಪ್ರಾಣಿಗಳು ಅನ್ನುವುದಕ್ಕೆ ಇದೇ ಗುರುತು.

ನನಗೆ ಜಾಸ್ತಿ ಹಿಡಿಸಿದ್ದು ಆರ್ಕಿಯೋಪ್ಟೆರಿಕ್ಸ್, ಅಂದರೆ ಸರೀಸೃಪಕ್ಕೂ ಹಕ್ಕಿಗೂ ನಡುವಿನ ಕೊಂಡಿಯಂಥ ಪ್ರಾಣಿಯೊಂದು ಕಲ್ಲಿನಲ್ಲಿ ಉಳಿದ ಪಳೆಯುಳಿಕೆ. ಸುಮಾರು 15 ಕೋಟಿ ವರ್ಷ ಹಳೆಯದು. ರೆಕ್ಕೆಪುಕ್ಕ ಹಕ್ಕಿಯದು, ಉದ್ದನೆಯ ಮೂಳೆಬಾಲ ಮಾತ್ರ ಹಲ್ಲಿಯದರಂತೆ. ವಿಕಾಸವಾದವನ್ನು ಮುಂದಿಟ್ಟ ಡಾರ್ವಿನ್ ಪುಸ್ತಕ ಬಂದದ್ದು 1859ರಲ್ಲಿ, ಇದು ಜರ್ಮನಿಯಲ್ಲಿ ಸಿಕ್ಕಿದ್ದು 1861ರಲ್ಲಿ. ಎಂಥಾ ಟೈಮಿಂಗ್! (ಮೆಟ್ಟಿಲ ಮೇಲೆ ಡಾರ್ವಿನ್ ಪ್ರತಿಮೆಯೂ ಇದೆ, ಆರಾಮಾಗಿ ಕೂತಿದ್ದಾನೆ.) ಬೆಳಿಗ್ಗೆ 10ಕ್ಕೆ ಬಾಗಿಲು ತೆರೆದ ಕೂಡಲೇ ನೇರ ಈ ಕಲ್ಲಿನ ಹತ್ತಿರ ಹೋಗಿ. ಡೈನೋಸಾರ್ ಆಮೇಲೆ.