ವಜ್ರವೋ ಅಮೆರಿಕನ್ ಡೈಮಂಡೋ: ಮನೆಯಲ್ಲಿ ಮಾಡಿ ನೋಡಿದ ಪರೀಕ್ಷೆಗಳ ಹೋಲಿಕೆ

ಅಜ್ಜಿಯ ಏಳು ಕಲ್ಲಿನ ವಜ್ರದ ಓಲೆಯನ್ನು ಅಕ್ಕನಿಗೆ ಕೊಟ್ಟು, ಅದರ ಅರ್ಧ ಬೆಲೆಗೆ ಸಮನಾದ ಚಿನ್ನವನ್ನು ನನಗೆ ಕೊಡುವುದೆಂದು ಅಮ್ಮ ಕಳೆದ ವರ್ಷ ತೀರ್ಮಾನಿಸಿದಾಗ, ಆ ಓಲೆಯ ಬೆಲೆ ಎಷ್ಟು ಎಂಬ ಪ್ರಶ್ನೆಗಿಂತ ಮೊದಲು ಅದರಲ್ಲಿರುವುದು ವಜ್ರವೇ ಎಂಬ ಪ್ರಶ್ನೆ ಎದ್ದಿತು. 1952ರಲ್ಲಿ ಅಜ್ಜಿಯ ಮದುವೆಗೆ ಮಾಡಿಸಿದ್ದು ಎಂಬ ಮನೆಮಾತನ್ನು ಬಿಟ್ಟರೆ ಅದಕ್ಕೆ ರಸೀತಿಯೂ ಇರಲಿಲ್ಲ, ಪ್ರಮಾಣಪತ್ರವೂ ಇರಲಿಲ್ಲ. ಅಂಗಡಿಗೆ ಒಯ್ಯುವ ಮೊದಲು ನಮ್ಮ ಕೈಲಾದಷ್ಟು ನೋಡಿಬಿಡೋಣ ಎಂದು, ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳೆಂದು ಜನ ಹೇಳುವುದನ್ನೆಲ್ಲ ಒಂದೊಂದಾಗಿ ಮಾಡಿ ನೋಡಿದೆ.

ಬರೀ ಓಲೆಯನ್ನು ಪರೀಕ್ಷಿಸಿದರೆ ಏನೂ ತಿಳಿಯುವುದಿಲ್ಲ, ಹೋಲಿಸಲು ಗೊತ್ತಿರುವ ಹರಳುಗಳು ಪಕ್ಕದಲ್ಲಿರಬೇಕು ಎಂಬುದು ಮೊದಲ ದಿನವೇ ಅರ್ಥವಾಯಿತು. ಹೊಸದಾಗಿ ಕೂರಿಸಲೆಂದು ಉಂಗುರದಿಂದ ಬಿಚ್ಚಿಸಿಟ್ಟಿದ್ದ, ಪ್ರಮಾಣಪತ್ರವಿರುವ 30 ಸೆಂಟಿನ, ಅಂದರೆ ಒಂದು ಕ್ಯಾರಟ್‌ನ ನೂರರಲ್ಲಿ ಮೂವತ್ತು ಭಾಗ ತೂಗುವ, ವಜ್ರವೊಂದು ನನ್ನ ಬಳಿ ಇತ್ತು. ಅದರ ಜೊತೆಗೆ ಬೆಂಗಳೂರಿನ ನಗರತ್‌ಪೇಟೆಯಲ್ಲಿ 6.5 ಮಿಲಿಮೀಟರ್ ಅಗಲದ, ಅಂದರೆ ಒಂದು ಕ್ಯಾರಟ್ ವಜ್ರದಷ್ಟೇ ಕಾಣುವ, ಎರಡು ಬಿಡಿ ಹರಳುಗಳನ್ನು ಕೊಂಡೆ. ಒಂದು ನಾವು ಅಮೆರಿಕನ್ ಡೈಮಂಡ್ ಎನ್ನುವ ಕ್ಯೂಬಿಕ್ ಜಿರ್ಕೋನಿಯಾ, ಇನ್ನೊಂದು ವಜ್ರದಂತೆಯೇ ಕಾಣುವ ಮೊಯಿಸನೈಟ್ ಎಂಬ ಹರಳು. ಹಳೆಯ ಸರದಿಂದ ಉದುರಿದ್ದ ಗಾಜಿನ ಹರಳೊಂದನ್ನೂ ಸೇರಿಸಿಕೊಂಡೆ. ಈ ನಾಲ್ಕರಲ್ಲಿ ನಿಜವಾದ ಎದುರಾಳಿ ಮೊಯಿಸನೈಟ್. 1893ರಲ್ಲಿ ಅರಿಜೋನಾದ ಉಲ್ಕಾಶಿಲೆಯಲ್ಲಿ ಅದನ್ನು ಕಂಡ ಆನ್ರಿ ಮೊಯಿಸಾನ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞನೇ ಮೊದಲಿಗೆ ಅದನ್ನು ವಜ್ರವೆಂದು ಭಾವಿಸಿದ್ದ. ಆತನೇ ಮೋಸಹೋದ ಮೇಲೆ ನಾವು ಸಂಕೋಚಪಡಬೇಕಾಗಿಲ್ಲ.

ಎಲ್ಲರೂ ಮೊದಲು ಹೇಳುವುದು ಉಸಿರಿನ ಪರೀಕ್ಷೆ. ಹರಳಿನ ಮೇಲೆ ಬಾಯಿಂದ ಹಬೆಯೂದಿದರೆ, ವಜ್ರ ಶಾಖವನ್ನು ಬಹಳ ಬೇಗ ಹರಡುವುದರಿಂದ ಮಂಜು ತಕ್ಷಣ ಕರಗುತ್ತದೆ, ನಕಲಿಯಲ್ಲಿ ಕೆಲವು ಕ್ಷಣ ನಿಲ್ಲುತ್ತದೆ ಎಂಬುದು ಇದರ ತರ್ಕ. ತರ್ಕ ತಪ್ಪಲ್ಲ. ವಜ್ರದ ಉಷ್ಣವಾಹಕತೆ ತಾಮ್ರದ ಸುಮಾರು ಐದು ಪಟ್ಟು. ಗಾಜಿನ ಮೇಲೆ ಮಂಜು ನಾಲ್ಕು ಎಣಿಸುವವರೆಗೂ ನಿಂತಿತು, ವಜ್ರದ ಮೇಲೆ ಒಂದು ಎಣಿಸುವಷ್ಟರಲ್ಲಿ ಹೋಯಿತು. ಆದರೆ ಮೊಯಿಸನೈಟ್ ಮೇಲೂ ಅಷ್ಟೇ ಬೇಗ ಹೋಯಿತು. ಇನ್ನು ಓಲೆಯ ಹರಳುಗಳು ತೀರಾ ಚಿಕ್ಕವು, ಸುತ್ತ ಚಿನ್ನವಿದೆ, ತಲೆಯ ಮೇಲೆ ಫ್ಯಾನ್ ತಿರುಗುತ್ತಿದೆ. ಹದಿನಾಲ್ಕೂ ಹರಳುಗಳ ಮಂಜು ಒಂದೇ ಉಸಿರಿಗೆ ಮಾಯವಾಯಿತು. ಆ ಹದಿನಾಲ್ಕರಲ್ಲಿ ಒಂದು ವಜ್ರವಲ್ಲವೆಂದು ಮುಂದೆ ತಿಳಿದಾಗ, ಈ ಪರೀಕ್ಷೆಯ ಮೇಲೆ ನನಗಿದ್ದ ಅಷ್ಟಿಷ್ಟು ಗೌರವವೂ ಉಳಿಯಲಿಲ್ಲ.

ನೀರಿನ ಲೋಟದ ಪರೀಕ್ಷೆಯನ್ನು ಯಾರು ಹುಟ್ಟುಹಾಕಿದರೋ. ನಿಜವಾದ ವಜ್ರ ಮುಳುಗುತ್ತದೆ ಎನ್ನುತ್ತಾರೆ, ಗಾಜೂ ಮುಳುಗುತ್ತದೆ, ಬೀದಿಯ ಜಲ್ಲಿಕಲ್ಲೂ ಮುಳುಗುತ್ತದೆ.

ಪತ್ರಿಕೆಯ ಮೇಲಿಟ್ಟು ಅಕ್ಷರ ಓದುವ ಪರೀಕ್ಷೆ ಇದಕ್ಕಿಂತ ಮೇಲು. ಬಿಳಿ ಹಾಳೆಯ ಮೇಲೆ ಪೆನ್ನಿನಿಂದ ಗೆರೆ ಎಳೆದು, ಹರಳನ್ನು ಬೋರಲಾಗಿ, ಅಂದರೆ ಅಗಲವಾದ ಮುಖ ಕೆಳಗೆ ಬರುವಂತೆ, ಅದರ ಮೇಲಿಟ್ಟು ನೋಡಬೇಕು. ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಬಾಗಿಸುವ ಅಳತೆ, 2.42 ಇರುವ, ಚೆನ್ನಾಗಿ ಕೊರೆದ ವಜ್ರ ಬೆಳಕನ್ನು ಒಳಗೊಳಗೇ ತಿರುಗಿಸಿಬಿಡುವುದರಿಂದ ಗೆರೆ ಕಾಣುವುದಿಲ್ಲ. ಸೂಚ್ಯಂಕ 1.5ರ ಆಸುಪಾಸಿನಲ್ಲಿರುವ ಗಾಜಿನಲ್ಲಿ ಗೆರೆ ಸ್ಪಷ್ಟವಾಗಿ ಕಂಡಿತು. 2.15ರಷ್ಟಿರುವ ಅಮೆರಿಕನ್ ಡೈಮಂಡ್‌ನಲ್ಲಿ ಅಂಚಿನ ಬಳಿ ಮುರಿದ ಕಮಾನಿನಂತೆ ತುಸು ಕಂಡಿತು. ಮೊಯಿಸನೈಟ್‌ನ ಸೂಚ್ಯಂಕ ವಜ್ರಕ್ಕಿಂತಲೂ ಹೆಚ್ಚು, 2.65, ಆದ್ದರಿಂದ ಅಲ್ಲಿ ಏನೂ ಕಾಣಲಿಲ್ಲ. ಹೀಗೆ ಗಾಜನ್ನು ಹಿಡಿಯಲು ಇದು ಸಾಕು, ಆದರೆ ಹರಳು ಬಿಡಿಯಾಗಿರಲೇಬೇಕು. ಅಜ್ಜಿಯ ಓಲೆ ಹಳೆಯ ಕಾಲದ ಮುಚ್ಚಿದ ಕೆಲಸದ್ದು. ಹರಳಿನ ಹಿಂಬದಿಯನ್ನು ಚಿನ್ನ ಪೂರ್ತಿ ಮುಚ್ಚಿಕೊಂಡಿರುವುದರಿಂದ ಬೆಳಕು ಆಚೆಯಿಂದ ಬರುವ ದಾರಿಯೇ ಇಲ್ಲ. ಇಂಥ ಓಲೆಯನ್ನು ನೀರಿನಲ್ಲಿ ನೆನೆಸಲೂ ಬಾರದು, ಹಿಂದಕ್ಕೆ ನೀರು ಇಳಿದರೆ ಹರಳು ಮಂಕಾಗುತ್ತದೆ. ಎಪ್ಪತ್ತು ವರ್ಷದ ಎಣ್ಣೆಯ ಜಿಡ್ಡನ್ನು ಒದ್ದೆ ಹತ್ತಿಬಟ್ಟೆಯಲ್ಲಿ ಒರೆಸಿ ಒರೆಸಿ ತೆಗೆಯುವುದಕ್ಕೇ ನನಗೆ ಒಂದು ಸಂಜೆ ಹಿಡಿಯಿತು.

ತೂಕದ ಪರೀಕ್ಷೆಯನ್ನು ಬಹಳ ಜನ ಮಾಡುವುದಿಲ್ಲ, ನನಗೆ ಮಾತ್ರ ಇದು ಹಿಡಿಸಿತು. ಮಿಲಿಗ್ರಾಂ ತೋರಿಸುವ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಹರಳನ್ನು ಮೊದಲು ಒಣಗಿದಂತೆಯೇ ತೂಗಬೇಕು. ಆಮೇಲೆ ನೀರಿನ ಪುಟ್ಟ ಬಟ್ಟಲನ್ನು ತಕ್ಕಡಿಯ ಮೇಲಿಟ್ಟು, ತೆಳುವಾದ ತಂತಿಯ ಕುಣಿಕೆಯೊಂದನ್ನು ಅದರಲ್ಲಿ ಇಳಿಬಿಟ್ಟು ಸೊನ್ನೆಗೆ ತಂದುಕೊಂಡು, ಅದೇ ಕುಣಿಕೆಯಲ್ಲಿ ಹರಳನ್ನು ಕೂರಿಸಿ ತಳಕ್ಕೆ ತಾಗದಂತೆ ಮತ್ತೆ ಅಷ್ಟೇ ಆಳಕ್ಕೆ ಮುಳುಗಿಸಬೇಕು. ಆಗ ತಕ್ಕಡಿ ತೋರಿಸುವುದು ಹರಳು ತಳ್ಳಿದ ನೀರಿನ ತೂಕವನ್ನು. ಒಣ ತೂಕವನ್ನು ಇದರಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಹರಳು ಎಷ್ಟು ಪಟ್ಟು ಭಾರ ಎಂಬುದು, ಸಿಗುತ್ತದೆ. ವಜ್ರದ್ದು 3.52, ಮೊಯಿಸನೈಟ್‌ನದು ಸುಮಾರು 3.2, ಅಮೆರಿಕನ್ ಡೈಮಂಡ್‌ನದು 5.6ರಿಂದ 6ರವರೆಗೆ. ನನ್ನ ಅಮೆರಿಕನ್ ಡೈಮಂಡ್ ಒಣಗಿದ್ದಾಗ 331 ಮಿಲಿಗ್ರಾಂ, ತಳ್ಳಿದ ನೀರು 58, ಭಾಗಿಸಿದರೆ 5.7. ಒಂದು ಕ್ಯಾರಟ್ ಎಂದರೆ 200 ಮಿಲಿಗ್ರಾಂ ಎಂಬುದು ಗೊತ್ತಿದ್ದರೆ ಭಾಗಾಕಾರವೂ ಬೇಕಾಗುವುದಿಲ್ಲ, ಅಷ್ಟೇ ಅಗಲದ ವಜ್ರಕ್ಕಿಂತ ಅದು ಒಂದೂವರೆ ಪಟ್ಟಿಗೂ ಮೀರಿ ಭಾರ. ಮೊಯಿಸನೈಟ್ 177ಕ್ಕೆ 55, ಅಂದರೆ 3.2.

ತೊಂದರೆ ಬಂದದ್ದು ನನ್ನ ವಜ್ರದಲ್ಲೇ. 60 ಮಿಲಿಗ್ರಾಮಿನ ಹರಳು ತಳ್ಳುವ ನೀರು 17 ಮಿಲಿಗ್ರಾಂ ಮಾತ್ರ. ಮೂರು ಸಲ ತೂಗಿದಾಗ ಒಮ್ಮೆ 17, ಒಮ್ಮೆ 18, ಒಮ್ಮೆ 16 ಬಂತು. ಮೊದಲನೆಯದರಲ್ಲಿ ಸಾಂದ್ರತೆ 3.53, ಎರಡನೆಯದರಲ್ಲಿ 3.33, ಮೂರನೆಯದರಲ್ಲಿ 3.75. ಹರಳಿಗೆ ಅಂಟಿದ ಒಂದು ಗಾಳಿಗುಳ್ಳೆ ಸಾಕು, ವಜ್ರ ಮೊಯಿಸನೈಟ್ ಆಗಿಬಿಡುತ್ತದೆ. ನೀರಿಗೆ ಪಾತ್ರೆ ತೊಳೆಯುವ ದ್ರವವನ್ನು ಒಂದು ತೊಟ್ಟು ಹಾಕಿದ ಮೇಲೆ ಅಂಕಿಗಳು ಸ್ವಲ್ಪ ಹದಕ್ಕೆ ಬಂದವು. ಅರ್ಧ ಕ್ಯಾರಟ್‌ಗಿಂತ ದೊಡ್ಡ ಬಿಡಿ ಹರಳಿಗೆ ಈ ವಿಧಾನವನ್ನು ನಾನು ಧೈರ್ಯವಾಗಿ ಹೇಳುತ್ತೇನೆ. ಅದಕ್ಕಿಂತ ಚಿಕ್ಕದಾದರೆ ಅಮೆರಿಕನ್ ಡೈಮಂಡ್ ಅಲ್ಲ ಎಂಬಷ್ಟನ್ನೇ ನಂಬಬೇಕು.

ಗೀಚುವ, ಕಾಯಿಸುವ, ಬಡಿಯುವ ಪರೀಕ್ಷೆಗಳನ್ನು ನಾನು ಓಲೆಯ ಹತ್ತಿರಕ್ಕೂ ತರಲಿಲ್ಲ. ಕಿಟಕಿಯ ಗಾಜಿನ ಚೂರಿನ ಮೇಲೆ ಅಮೆರಿಕನ್ ಡೈಮಂಡ್ ಮತ್ತು ಮೊಯಿಸನೈಟ್ ಎರಡನ್ನೂ ಎಳೆದು ನೋಡಿದೆ, ಎರಡೂ ಗೀರಿದವು. ಗಾಜಿನ ಗಡಸುತನ ಖನಿಜಗಳ ಗಡಸುತನವನ್ನು ಒಂದರಿಂದ ಹತ್ತರವರೆಗೆ ಅಳೆಯುವ ಮೋಸ್ ಅಳತೆಯಲ್ಲಿ ಐದೂವರೆಯಷ್ಟೇ, ಅದನ್ನು ಸಾಮಾನ್ಯ ಬೆಣಚುಕಲ್ಲೂ ಗೀರುತ್ತದೆ. ಕಪ್ಪು ಉಜ್ಜುಕಾಗದದ ಮೇಲೆ ಉಜ್ಜಿ ನೋಡಿ ಎನ್ನುವವರಿದ್ದಾರೆ. ಆ ಕಾಗದದ ಮೇಲಿರುವ ಪುಡಿ ಸಿಲಿಕಾನ್ ಕಾರ್ಬೈಡ್, ಮೊಯಿಸನೈಟ್ ಕೂಡ ಸಿಲಿಕಾನ್ ಕಾರ್ಬೈಡೇ, ತನ್ನನ್ನು ತಾನು ಅದು ಎಷ್ಟು ತಾನೆ ಗೀರೀತು? ಸುತ್ತಿಗೆಯ ವಿಷಯದಲ್ಲಿ ಮಾತ್ರ ಕೈಮುಗಿದು ಬೇಡಿಕೊಳ್ಳುತ್ತೇನೆ. ವಜ್ರದಷ್ಟು ಗಡಸಾದ ಖನಿಜ ಬೇರೊಂದಿಲ್ಲ ಎಂಬುದು ನಿಜ, ಆದರೆ ಗಡಸಾಗಿರುವುದು ಬೇರೆ, ಪೆಟ್ಟು ತಾಳುವುದು ಬೇರೆ. ನಾಲ್ಕು ದಿಕ್ಕುಗಳಲ್ಲಿ ಅದು ಸೌದೆಯಂತೆ ಸೀಳುತ್ತದೆ. ಬಿರುಕಿಗೆ ಗಾಜು ತುಂಬಿ ಮರೆಮಾಡಿದ ವಜ್ರವನ್ನು ಲೈಟರಿನಲ್ಲಿ ಕಾಯಿಸಿ ತಣ್ಣೀರಿಗೆ ಹಾಕಿದರೆ, ನಿಜವಾದ ವಜ್ರವೇ ಆಗಿದ್ದರೂ ಹಾಳಾಗುತ್ತದೆ.

ಅತಿನೇರಳೆ ಟಾರ್ಚಿನಿಂದ ನನಗೆ ಹೆಚ್ಚು ನಿರೀಕ್ಷೆ ಇರಲಿಲ್ಲ, ಏಕೆಂದರೆ ವಜ್ರಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ಆ ಬೆಳಕಿಗೆ ಹೊಳೆಯುತ್ತದೆ, ಹೊಳೆಯದಿದ್ದರೆ ನಕಲಿ ಎನ್ನುವಂತಿಲ್ಲ. ಪ್ರಮಾಣಪತ್ರವಿದ್ದ ನನ್ನ ವಜ್ರ ಕತ್ತಲೆಯಲ್ಲಿ ಕತ್ತಲಾಗಿಯೇ ಉಳಿಯಿತು. ಓಲೆಯನ್ನು ಬೀರುವಿನೊಳಗೆ ಹಿಡಿದು ಟಾರ್ಚ್ ಹಚ್ಚಿದಾಗ ಮಾತ್ರ ಅಕ್ಕನೂ ನಾನೂ ಸುಮ್ಮನಾದೆವು. ಕೆಲವು ಹರಳುಗಳು ದಟ್ಟ ನೀಲಿ, ಕೆಲವು ತಿಳಿ ನೀಲಿ, ನಾಲ್ಕೈದು ಏನೂ ಇಲ್ಲ. ನಮ್ಮ ಕಡೆಯ ಹಳೆಯ ಓಲೆಗಳನ್ನು ಹೊಗಳುವಾಗ ಬ್ಲೂ ಜಾಗರ್ ಎನ್ನುತ್ತಾರಲ್ಲ, ಆ ಹೆಸರು ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೈನ್ ಗಣಿಯಿಂದ ಬಂದದ್ದು, ಬಿಸಿಲಿನಲ್ಲಿ ನೀಲಿ ಛಾಯೆ ತೋರುವುದೇ ಅಲ್ಲಿಯ ವಜ್ರಗಳ ಹೆಗ್ಗಳಿಕೆ. ಅಜ್ಜಿಯದು ಆ ಗಣಿಯದೇ ಎಂದು ನಾನು ಹೇಳುತ್ತಿಲ್ಲ. ಆದರೆ ಒಂದೇ ಒಡವೆಯಲ್ಲಿ ಹರಳುಗಳು ಹೀಗೆ ಒಂದೊಂದು ಬಗೆಯಾಗಿ ಹೊಳೆಯುವುದು ಭೂಮಿಯಿಂದ ಬಂದ ವಜ್ರಗಳ ಒಳ್ಳೆಯ ಲಕ್ಷಣ. ಒಂದೇ ಕಡೆ ತಯಾರಾದ ನಕಲಿ ಹರಳುಗಳು ಸಾಮಾನ್ಯವಾಗಿ ಒಂದೇ ರೀತಿ ಕಾಣುತ್ತವೆ. ಎಡಗಿವಿಯ ಓಲೆಯಲ್ಲಿ, ತಿರುಪಿನ ಕಡೆಯಿಂದ ಎಣಿಸಿದರೆ ಮೂರನೆಯ ಹರಳೊಂದು ಮಾತ್ರ ಮಂಕಾದ ಹಳದಿಯಾಗಿ ಕಂಡಿತು. ಟಾರ್ಚ್ ಕೊಳ್ಳುವವರು 365 ನ್ಯಾನೋಮೀಟರಿನದನ್ನೇ ಕೊಳ್ಳಬೇಕು. 395ರದು ತಾನೇ ನೇರಳೆ ಬೆಳಕನ್ನು ಚೆಲ್ಲಿ ಎಲ್ಲ ಹರಳನ್ನೂ ನೀಲಿಯಾಗಿ ತೋರಿಸುತ್ತದೆ. ನಾನು ಮೊದಲು ತರಿಸಿದ್ದು ಅದೇ.

ಮುಂದಿನ ಸಾಧನ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್. ಹೋಲಿಸಿದ್ದೆಲ್ಲದರಲ್ಲಿ ಒಂದನ್ನೇ ಇಟ್ಟುಕೊಳ್ಳಬೇಕೆಂದರೆ ನಾನು ಇದನ್ನು ಇಟ್ಟುಕೊಳ್ಳುತ್ತೇನೆ. ಬೆಲೆ ನಾನೂರು ರೂಪಾಯಿ. ಪುಸ್ತಕ ಓದುವ ಭೂತಕನ್ನಡಿಯಂತೆ ದೂರ ಹಿಡಿಯಬಾರದು; ಲೂಪನ್ನು ಕಣ್ಣಿಗೆ ಒತ್ತಿಕೊಂಡು, ಹರಳನ್ನು ಅದರ ಮುಂದೆ ಒಂದಂಗುಲದಷ್ಟು ಸಮೀಪ ತಂದು, ಎರಡೂ ಕೈ ಒಂದಕ್ಕೊಂದು ತಾಗಿಸಿ ಅಲುಗದಂತೆ ನೋಡಬೇಕು. ನೋಡಬೇಕಾದದ್ದು ಹೊಳಪನ್ನಲ್ಲ, ಎರಡು ಮುಖಗಳು ಕೂಡುವ ಏಣನ್ನು. ವಜ್ರದ ಏಣು ಬ್ಲೇಡಿನಂತೆ ಚೂಪಾಗಿರುತ್ತದೆ. ಅಮೆರಿಕನ್ ಡೈಮಂಡ್‌ನ ಏಣು ದಿನಬಳಕೆಯಲ್ಲಿ ಸವೆದು, ಬಳಸಿದ ಸೋಪಿನಂತೆ ದುಂಡಗಾಗುತ್ತದೆ. ಓಲೆಯ ಆ ಮೂರನೆಯ ಹರಳಿನ ಏಣುಗಳೆಲ್ಲ ಹಾಗೇ ದುಂಡಗಾಗಿದ್ದವು, ಮೇಲಿನ ಅಗಲ ಮುಖದ ಮೇಲೆ ಸಣ್ಣ ಗೀರುಗಳಿದ್ದವು. ಪಕ್ಕದ ಆರೂ ಹರಳುಗಳು ಎಪ್ಪತ್ತು ವರ್ಷ ಕಿವಿಯಲ್ಲಿದ್ದೂ ನಿನ್ನೆ ಕೊರೆದಂತಿದ್ದವು.

ಮೊಯಿಸನೈಟನ್ನು ಹಿಡಿಯುವುದಕ್ಕೂ ಲೂಪೇ ಬೇಕು. ಅದು ಬೆಳಕಿನ ಕಿರಣವನ್ನು ಎರಡಾಗಿ ಸೀಳುವ ಹರಳಾದ್ದರಿಂದ ಹಿಂಬದಿಯ ಏಣುಗಳು ಜೋಡಿಗೆರೆಗಳಾಗಿ ಕಾಣುತ್ತವೆ. ಆದರೆ ನೇರವಾಗಿ ಮೇಲಿನಿಂದ ನೋಡಿದರೆ ಕಾಣುವುದಿಲ್ಲ, ಬೆಳಕು ಸೀಳದ ದಿಕ್ಕು ಅತ್ತ ಬರುವಂತೆಯೇ ಅದನ್ನು ಕೊರೆದಿರುತ್ತಾರೆ. ಇದು ಗೊತ್ತಿಲ್ಲದೆ ನಾನು ಒಂದು ವಾರ ಮೊಯಿಸನೈಟನ್ನು ನೋಡಿ ನೋಡಿ ಏನೂ ಕಾಣದೆ, ಅಂಗಡಿಯವರು ತಪ್ಪು ಹರಳು ಕೊಟ್ಟಿರಬೇಕು ಎಂದುಕೊಂಡಿದ್ದೆ. ಓರೆಯಾಗಿಸಿ, ಮೇಲ್ಭಾಗದ ಪಕ್ಕದ ಮುಖದೊಳಗಿಂದ ನೋಡಿದಾಗ ಒಂದೊಂದು ಗೆರೆಯೂ ರೈಲು ಹಳಿಯಂತೆ ಎರಡಾಯಿತು.

ಕೊನೆಯದು ಬ್ಯಾಟರಿಯ ಪೆನ್ನಿನಂಥ ಡೈಮಂಡ್ ಟೆಸ್ಟರ್, ಸುಮಾರು ಸಾವಿರದೈನೂರು ರೂಪಾಯಿಯದು. ಕಾಯಿಸಿದ ತಾಮ್ರದ ಮೊನೆಯನ್ನು ಹರಳಿಗೆ ತಾಗಿಸಿದಾಗ ಶಾಖ ಎಷ್ಟು ಬೇಗ ಇಳಿದುಹೋಗುತ್ತದೆ ಎಂಬುದನ್ನು ಇದು ಅಳೆಯುತ್ತದೆ. ಉಸಿರಿನ ಪರೀಕ್ಷೆಯ ತರ್ಕವೇ, ಆದರೆ ಎಣಿಸುವುದು ನಮ್ಮ ಬಾಯಲ್ಲ, ಯಂತ್ರ. ಮೊನೆಯನ್ನು ನೆಟ್ಟಗೆ ಹಿಡಿಯಬೇಕು, ಹರಳಿನ ಅಳತೆಗೂ ಕೋಣೆಯ ಸೆಕೆಗೂ ತಕ್ಕಂತೆ ಗುಂಡಿ ತಿರುಗಿಸಿಕೊಳ್ಳಬೇಕು, ಒಮ್ಮೆ ತಾಗಿಸಿದ ಹರಳನ್ನು ಆರಲು ಬಿಡಬೇಕು. ಅವಸರ ಮಾಡಿದಾಗ ನನ್ನ ಸ್ವಂತ ವಜ್ರವನ್ನೇ ಅದು ಒಲ್ಲೆನೆಂದಿತು. ಸಾವಧಾನವಾಗಿ ನೋಡಿದಾಗ ಓಲೆಯ ಹದಿಮೂರು ಹರಳುಗಳಿಗೆ ದೀಪಗಳು ಕೆಂಪಿನವರೆಗೆ ಏರಿ ಸದ್ದಾಯಿತು, ಎಡಗಿವಿಯ ಮೂರನೆಯದಕ್ಕೆ ಎರಡು ಹಸಿರು ದೀಪ ಹತ್ತಿ ನಿಂತಿತು. ಆದರೆ ಮೊಯಿಸನೈಟಿಗೂ ಅದು ಕೆಂಪಿನವರೆಗೆ ಏರಿತು. ಶಾಖವನ್ನು ಮಾತ್ರ ಅಳೆಯುವ ಪೆನ್ನಿಗೆ ಈ ಎರಡರ ಭೇದ ತಿಳಿಯುವುದಿಲ್ಲ, ಅದಕ್ಕೆ ವಿದ್ಯುತ್ತಿನ ಹರಿವನ್ನೂ ಅಳೆಯುವ ದುಬಾರಿ ಮಾದರಿ ಬೇಕು. ನನಗೆ ಅದು ಬೇಕಾಗಲಿಲ್ಲ, ಜೋಡಿಗೆರೆಗಾಗಿ ಲೂಪಿನಲ್ಲಿ ಹದಿಮೂರನ್ನೂ ಓರೆಯಾಗಿ ನೋಡಿದ್ದೆ. ಪೆನ್ನು ಮತ್ತು ಲೂಪ್ ಎರಡೂ ಒಪ್ಪಿದ ಹರಳನ್ನು ಮಾತ್ರ ವಜ್ರವೆಂದು ಬರೆದುಕೊಂಡೆ.

ಈ ಎರಡೂ ಕೈಬಿಡುವ ಜಾಗವೊಂದಿದೆ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವೂ ಇಂಗಾಲದ ಹರಳೇ ಆದ್ದರಿಂದ, ಅದೇ ಗಡಸುತನ, ಅದೇ ಸಾಂದ್ರತೆ, ಅದೇ ಉಷ್ಣವಾಹಕತೆ; ನಾನು ಹೇಳಿದ ಒಂದು ಪರೀಕ್ಷೆಯೂ ಅದನ್ನು ಬೇರ್ಪಡಿಸಲಾರದು. ಹೊಸ ಒಡವೆಯಾದರೆ ಹರಳಿನ ನಡುಪಟ್ಟಿಯ ಮೇಲೆ ಲೇಸರಿನಲ್ಲಿ ಕೊರೆದ ಸಂಖ್ಯೆಯನ್ನು ಲೂಪಿನಲ್ಲಿ ಓದಿ, ಹರಳು ಪರೀಕ್ಷಿಸುವ ಸಂಸ್ಥೆಗಳಾದ ಜಿಐಎ ಅಥವಾ ಐಜಿಐ ಕೊಟ್ಟ ಪ್ರಮಾಣಪತ್ರದೊಂದಿಗೆ ತಾಳೆ ನೋಡುವುದೊಂದೇ ಮನೆಯಲ್ಲಿ ಸಾಧ್ಯ. ಒಡವೆಯ ಮೇಲಿನ, ಅಕ್ಷರ ಅಂಕಿ ಸೇರಿ ಆರಿರುವ ಹಾಲ್‌ಮಾರ್ಕ್ ಗುರುತಾದ ಎಚ್‌ಯುಐಡಿ ಚಿನ್ನದ ಶುದ್ಧತೆಗೆ ಮಾತ್ರ ಸಾಕ್ಷಿ, ಹರಳಿಗೆ ಅಲ್ಲ. ಓದುಬರಹ ಬಲ್ಲವರೂ ಇಲ್ಲಿ ಎಡವುವುದನ್ನು ಕಂಡಿದ್ದೇನೆ. ಅಜ್ಜಿಯ ಓಲೆಗೆ ಮಾತ್ರ ಈ ಚಿಂತೆ ಬರಲಿಲ್ಲ. ಜನರಲ್ ಎಲೆಕ್ಟ್ರಿಕ್ ಕಂಪನಿಯವರು ವಜ್ರವನ್ನು ಪ್ರಯೋಗಾಲಯದಲ್ಲಿ ಮಾಡಿ ತೋರಿಸಿದ್ದು 1954ರ ಡಿಸೆಂಬರಿನಲ್ಲಿ, ಒಡವೆಗೆ ಒಗ್ಗುವಂಥದನ್ನು ಬೆಳೆಸಿದ್ದು 1970ರಲ್ಲಿ.

ಆಮೇಲೆ ಓಲೆಯನ್ನು ಹರಳು ಪರೀಕ್ಷಿಸುವ ಕೇಂದ್ರಕ್ಕೆ ಒಯ್ದೆವು. ಹದಿಮೂರು ವಜ್ರ, ಒಂದು ಕ್ಯೂಬಿಕ್ ಜಿರ್ಕೋನಿಯಾ ಎಂದು ಬರೆದುಕೊಟ್ಟರು. ಅಮೆರಿಕನ್ ಡೈಮಂಡ್ ಮಾರುಕಟ್ಟೆಗೆ ಬಂದದ್ದೇ 1976ರ ಹೊತ್ತಿಗೆ, ಆದ್ದರಿಂದ ಮದುವೆಯ ದಿನ ಅದು ಆ ಓಲೆಯಲ್ಲಿ ಇದ್ದಿರಲಾರದು. ಆಮೇಲೆ ಎಂದೋ ಒಂದು ಹರಳು ಉದುರಿದಾಗ ಯಾರೋ ಕೂರಿಸಿದ್ದಾರೆ. ಅಮ್ಮನನ್ನು ಕೇಳಿದರೆ, ಚಿಕ್ಕಪ್ಪನ ಮದುವೆಯ ಛತ್ರದಲ್ಲಿ ಅಜ್ಜಿ ಟಾರ್ಚ್ ಹಿಡಿದು ಜಮಖಾನವನ್ನೆಲ್ಲ ಮಗುಚಿ ಹುಡುಕಿದ್ದು ನೆನಪಿದೆ, ಸಿಕ್ಕಿತೋ ಇಲ್ಲವೋ ನೆನಪಿಲ್ಲ ಎಂದರು. ಅಕ್ಕ ಆ ಹರಳಿನ ಬೆಲೆಯನ್ನು ಕಳೆದು ಲೆಕ್ಕ ಹಾಕಿ, ನನಗೆ ಬರಬೇಕಾದ ಚಿನ್ನದಲ್ಲಿ ಅರ್ಧ ಗ್ರಾಂ ಕಡಿಮೆ ಮಾಡಿದಳು.